ಕೆಲಸಕ್ಕೆ ಹಲವು ಹೆಸರು: ಸಮಾಜಶಾಸ್ತ್ರದ ಮೊದಲ ಪಾಠ ಮತ್ತು ದುಡಿಮೆಯ ಜಾನಪದ

ಸಮಾಜಶಾಸ್ತ್ರವನ್ನು ಮೊದಲ ಬಾರಿಗೆ ಓದಲು ತೊಡಗಿದ ವಿದ್ಯಾರ್ಥಿಗೆ ‘ಕೆಲಸ’ ಎಂಬುದು ಒಂದು ವ್ಯಾಖ್ಯೆಯ ರೂಪದಲ್ಲಿ ಎದುರಾಗುತ್ತದೆ. ಮನುಷ್ಯನ ಅಗತ್ಯಗಳನ್ನು ಪೂರೈಸುವ ಸರಕು ಮತ್ತು ಸೇವೆಗಳ ಉತ್ಪಾದನೆಗಾಗಿ ವ್ಯಯಿಸುವ ದೈಹಿಕ, ಮಾನಸಿಕ ಶ್ರಮವೇ ಕೆಲಸ ಎಂಬ ಅರ್ಥದ ಈ ವ್ಯಾಖ್ಯೆಯನ್ನು ಆಂಥನಿ ಗಿಡೆನ್ಸ್ ಅವರ ‘ಸೋಷಿಯಾಲಜಿ’ (1989) ಜನಪ್ರಿಯಗೊಳಿಸಿತು. ನಮ್ಮ ದೇಶದ ಪ್ರವೇಶಿಕೆಗಳೂ ಅದನ್ನು ಹೆಚ್ಚು ಕಡಿಮೆ ಹಾಗೆಯೇ ಸ್ವೀಕರಿಸಿವೆ. ವ್ಯಾಖ್ಯೆಯ ನಂತರ ಶ್ರಮವಿಭಜನೆ, ಅದರ ನಂತರ ಸಾಮಾಜಿಕ ಶ್ರೇಣೀಕರಣ, ಕೊನೆಯಲ್ಲಿ ಅಸಮಾನತೆ. ಪಾಠಗಳ ಈ ಅನುಕ್ರಮ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಪ್ರಶ್ನಿಸಬೇಕೆಂದು ಅಧ್ಯಾಪಕರಿಗಾಗಲಿ ವಿದ್ಯಾರ್ಥಿಗಳಿಗಾಗಲಿ ತೋರುವುದಿಲ್ಲ. ಮೊದಲು ಕೆಲಸ, ಆಮೇಲೆ ಅಸಮಾನತೆ. ಮೊದಲನೆಯದು ಸಹಜ, ಎರಡನೆಯದು ಅದಕ್ಕೆ ಅಂಟಿಕೊಂಡ ದೋಷ ಎಂಬ ಭಾವನೆಯನ್ನು ಈ ಅನುಕ್ರಮವೇ ಮೂಡಿಸುತ್ತದೆ.

ಕನ್ನಡದ ನುಡಿಬಳಕೆ ಈ ಅನುಕ್ರಮವನ್ನು ಒಪ್ಪುವುದಿಲ್ಲ. ಗೇಯ್ಮೆ, ದುಡಿಮೆ, ಕಸುಬು, ಕಾಯಕ, ಕೂಲಿ, ಚಾಕರಿ, ಊಳಿಗ, ಬಿಟ್ಟಿ, ಜೀತ, ಮುಯ್ಯಾಳು, ನೌಕರಿ: ಇವು ಒಂದೇ ವಸ್ತುವಿನ ಪರ್ಯಾಯನಾಮಗಳಲ್ಲ. ಇವುಗಳಲ್ಲಿ ಹೆಚ್ಚಿನ ಪದಗಳು ಯಾರು ಯಾರಿಗಾಗಿ ದುಡಿಯುತ್ತಾರೆ, ಪ್ರತಿಫಲವೇನು, ಒಲ್ಲೆನೆನ್ನುವ ಅವಕಾಶ ಉಂಟೆ ಇಲ್ಲವೆ ಎಂಬುದನ್ನು ತಮ್ಮೊಳಗೇ ಇಟ್ಟುಕೊಂಡಿವೆ. ಒಬ್ಬಳು ‘ಕೂಲಿಗೆ ಹೋಗಿದ್ದಾಳೆ’ ಎಂದರೂ ‘ಮುಯ್ಯಿಗೆ ಹೋಗಿದ್ದಾಳೆ’ ಎಂದರೂ ಗದ್ದೆಯಲ್ಲಿ ನಡೆಯುವುದು ಅದೇ ನಾಟಿ, ಅದೇ ಬಗ್ಗಿದ ಬೆನ್ನು. ಆದರೆ ಎರಡು ವಾಕ್ಯಗಳು ಎರಡು ಸಮಾಜಗಳನ್ನು ಹೇಳುತ್ತವೆ. ಮುಯ್ಯಾಳಿನ ಪದ್ಧತಿಯಲ್ಲಿ ಇಂದು ನನ್ನ ಹೊಲಕ್ಕೆ ಬಂದವರ ಹೊಲಕ್ಕೆ ನಾಳೆ ನಾನು ಹೋಗಬೇಕು. ಜಾನಪದ ಬರವಣಿಗೆಯಲ್ಲಿ ಇದನ್ನು ಗ್ರಾಮಸಹಕಾರದ ಸುಂದರ ಮಾದರಿಯೆಂದು ಕೊಂಡಾಡುವುದುಂಟು. ತೀರಿಸಿಕೊಳ್ಳಲು ಸ್ವಂತ ಹೊಲವಿಲ್ಲದವರು ಮುಯ್ಯಾಳಾಗಲಾರರು ಎಂಬ ಸಣ್ಣ ಸಂಗತಿಯನ್ನು ಆ ಕೊಂಡಾಟ ಮರೆಯುತ್ತದೆ. ಸಹಕಾರದ ಆ ವಲಯಕ್ಕೂ ಒಂದು ಬೇಲಿ ಇತ್ತು. ಆ ಬೇಲಿ ಭೂಮಿಯದು.

ಪ್ರಸ್ತುತ ಲೇಖನದ ವಾದ ಇಷ್ಟು: ಸಮಾಜಶಾಸ್ತ್ರದ ಮೊದಲ ಪಾಠವು ದುಡಿಮೆಯ ದೇಸಿ ಪದಕೋಶವನ್ನು ಬದಿಗಿಟ್ಟು ಅಸಮಾನತೆಯನ್ನು ಅಮೂರ್ತಗೊಳಿಸಿದೆ, ಜಾನಪದ ಅಧ್ಯಯನವು ಅದೇ ಪದಕೋಶವನ್ನು ಎದೆಗಪ್ಪಿಕೊಂಡು ಅಸಮಾನತೆಯನ್ನು ಕೈಬಿಟ್ಟಿದೆ. ಎರಡರ ಕೊರತೆಯೂ ಒಂದೇ ಬಗೆಯದೆಂಬುದು ನನ್ನ ಅಭಿಪ್ರಾಯ.

‘ಜೀತ’ ಎಂಬ ಪದವನ್ನು ನೋಡೋಣ. ಇದು ಸಂಸ್ಕೃತದ ‘ಜೀವಿತ’ದ ತದ್ಭವ. ಹಳಗನ್ನಡದಲ್ಲಿ ಇದಕ್ಕೆ ಬದುಕಿಗೆ ಆಧಾರವಾದ ಸಂಬಳ, ಸೇವೆಗೆ ಪ್ರತಿಯಾಗಿ ದೊರೆಯುವ ಜೀವನೋಪಾಯ ಎಂಬ ಅರ್ಥವಿತ್ತು. ಕಿಟ್ಟೆಲ್ ಅವರ ನಿಘಂಟಿನ (1894) ಕಾಲಕ್ಕೂ ಸಂಬಳವೆಂಬ ಅರ್ಥ ಸತ್ತಿರಲಿಲ್ಲ. ಅದೇ ಪದ ಸಾಲಕ್ಕೆ ಮೈ ಒತ್ತೆಯಿಟ್ಟು ವರ್ಷಾನುಗಟ್ಟಲೆ, ಕೆಲವೊಮ್ಮೆ ತಲೆಮಾರುಗಟ್ಟಲೆ ದುಡಿಯುವ ಸ್ಥಿತಿಯ ಹೆಸರಾಯಿತು. ಸಂಬಳದ ಹೆಸರು ಸಂಬಳವಿಲ್ಲದ ಬಂಧನದ ಹೆಸರಾದದ್ದು ಭಾಷಾಶಾಸ್ತ್ರದ ಕೌತುಕವಷ್ಟೇ ಅಲ್ಲ. ಮುಂಗಡವಾಗಿ ಕೊಟ್ಟ ಜೀವನೋಪಾಯವೇ ಸಾಲವಾಗಿ, ಸಾಲವೇ ಸರಪಳಿಯಾದ ಚರಿತ್ರೆಯೊಂದನ್ನು ಈ ಎರಡಕ್ಷರದ ಅರ್ಥಪಲ್ಲಟ ಸೂಚಿಸುತ್ತದೆ. ‘ಬಿಟ್ಟಿ’ಯ ಕಥೆ ಇನ್ನೂ ವಿಚಿತ್ರ. ಅದು ‘ವಿಷ್ಟಿ’ಯ ತದ್ಭವ, ಅರ್ಥಶಾಸ್ತ್ರವೂ ಕನ್ನಡ ಶಾಸನಗಳೂ ಬಲ್ಲ, ಪ್ರಭುತ್ವಕ್ಕೆ ಸಲ್ಲಿಸಬೇಕಾದ ಕಡ್ಡಾಯದ ದುಡಿಮೆ. ಇಂದಿನ ಕನ್ನಡದಲ್ಲಿ ‘ಬಿಟ್ಟಿ’ ಎಂದರೆ ಪುಕ್ಕಟೆ. ಕೊಟ್ಟವನ ನೋವಿನಿಂದ ಹುಟ್ಟಿದ ಪದ ಪಡೆದವನ ಲಾಭದ ಪದವಾಗಿ ತಿರುಗಿದೆ. ಬಡವರಿಗಾಗಿ ಸರ್ಕಾರ ರೂಪಿಸುವ ನೆರವಿನ ಯೋಜನೆಗಳನ್ನು ಹೀಗಳೆಯಲು ಇತ್ತೀಚಿನ ವರ್ಷಗಳಲ್ಲಿ ಇದೇ ಪದ ಬಳಕೆಯಾಗುತ್ತಿರುವುದನ್ನು ಕೇಳಿದಾಗ, ಬಿಟ್ಟಿ ಮಾಡಿದವರು ಯಾರ ಪೂರ್ವಿಕರು ಎಂದು ಕೇಳಬೇಕೆನಿಸುತ್ತದೆ.

ಪಠ್ಯಪುಸ್ತಕ ಬಿಟ್ಟ ಪದಗಳನ್ನು ಕಾನೂನು ಎತ್ತಿಕೊಂಡಿತು. 1976ರ ಜೀತಪದ್ಧತಿ ನಿರ್ಮೂಲನಾ ಅಧಿನಿಯಮದಲ್ಲಿ ಬಂಧಿತ ದುಡಿಮೆ ಎಂದರೇನೆಂದು ವಿವರಿಸುವಲ್ಲಿ ದೇಶದ ನಾನಾ ಭಾಗಗಳಲ್ಲಿ ಅದಕ್ಕಿರುವ ಸ್ಥಳೀಯ ಹೆಸರುಗಳ ಪಟ್ಟಿಯೇ ಇದೆ. ‘ಜೀತ’, ‘ವೆಟ್ಟಿ’, ‘ಪಾಲೇರು’, ‘ಕಮಿಯಾ’, ‘ಸಾಗ್ರಿ’ ಮುಂತಾದ ಆ ಪದಗಳನ್ನು ಶಾಸನಕಾರರು ಅಲಂಕಾರಕ್ಕಾಗಿ ಸೇರಿಸಿದ್ದಲ್ಲ. ಇಂಗ್ಲಿಷಿನ ಒಂದು ಸಾಮಾನ್ಯ ಪದವನ್ನಷ್ಟೇ ಬರೆದಿದ್ದರೆ, ‘ನಮ್ಮಲ್ಲಿರುವುದು ಅದಲ್ಲ, ಇದು ನಮ್ಮ ಊರಿನ ವಾಡಿಕೆ’ ಎಂದು ಒಡೆಯರು ಜಾರಿಕೊಳ್ಳುತ್ತಿದ್ದರು. ಜಾನಪದ ಪದಸಂಗ್ರಹವೊಂದು ವಿಮೋಚನೆಯ ಸಾಧನವಾದ ಉದಾಹರಣೆ ಇದು. ನಮ್ಮ ಜಾನಪದ ವಿಭಾಗಗಳ ಪಠ್ಯಕ್ರಮದಲ್ಲಿ ಈ ಪಟ್ಟಿಗೆ ಒಂದು ಪುಟವಾದರೂ ಮೀಸಲಾಗಬೇಕು.

ಪ್ರವೇಶಿಕೆಗಳಲ್ಲಿ ಗ್ರಾಮೀಣ ಕೆಲಸದ ವಿಷಯ ಬಂದ ಕೂಡಲೇ ಕಾಣಿಸುವುದು ‘ಜಜಮಾನಿ ಪದ್ಧತಿ’. ವಿಲಿಯಂ ವೈಸರ್ ಅವರು ಉತ್ತರ ಪ್ರದೇಶದ ಹಳ್ಳಿಯೊಂದನ್ನು ಆಧರಿಸಿ 1936ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪದ ಶಾಸ್ತ್ರದೊಳಗೆ ಬಂದಿತು. ಅದು ಪ್ರಾಚೀನವೂ ಅಖಿಲ ಭಾರತೀಯವೂ ಆದ ವ್ಯವಸ್ಥೆ ಎಂಬ ನಂಬಿಕೆಯನ್ನು ಪೀಟರ್ ಮೇಯರ್ 1993ರ ತಮ್ಮ ಪ್ರಬಂಧದಲ್ಲಿ ಪ್ರಶ್ನಿಸಿ, ಉತ್ತರ ಭಾರತದಲ್ಲಿಯೂ ಅದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡದ್ದೆಂದು ವಾದಿಸಿದರು. ಇಷ್ಟಾದರೂ ಕನ್ನಡದ ವಿದ್ಯಾರ್ಥಿ ತನ್ನ ಊರಿನ ‘ಆಯ’ವನ್ನು ಜಜಮಾನಿ ಎಂಬ ಹೆಸರಿನಲ್ಲಿಯೇ ಕಲಿಯಬೇಕಾಗಿದೆ. ಹೆಸರು ಬದಲಾದರೆ ಏನು ಹೋಯಿತು ಎಂದು ಕೇಳಬಹುದು. ‘ಜಜಮಾನಿ’ ಎಂಬ ಪದ ಯಜಮಾನನಿಂದ, ಅಂದರೆ ಯಜ್ಞ ಮಾಡಿಸುವವನಿಂದ ಹೊರಡುತ್ತದೆ. ಸಂಬಂಧವನ್ನು ಮನೆ ಮನೆಗಳ ನಡುವಿನ ಸೇವೆಯಾಗಿ ಕಾಣುತ್ತದೆ. ‘ಆಯ’ ಎಂದರೆ ಫಸಲಿನಲ್ಲಿನ ಪಾಲು. ಅದು ಕಣದಿಂದ ಹೊರಡುತ್ತದೆ. ಒಂದರ ಕೇಂದ್ರದಲ್ಲಿ ಒಡೆಯನಿದ್ದಾನೆ, ಇನ್ನೊಂದರ ಕೇಂದ್ರದಲ್ಲಿ ಧಾನ್ಯದ ರಾಶಿ ಇದೆ.

ರಾಶಿಯ ಬಳಿ ನಿಂತು ನೋಡಿದರೆ ಮಾತ್ರ ಕಾಣುವ ಸಂಗತಿಗಳಿವೆ. ಅಳೆಯುವವರು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ. ಆ ಲಾಭ ಯಾರದು? ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ನೀರಗಂಟಿ, ತಳವಾರ, ತೋಟಿ ಇವರೆಲ್ಲ ಕಣಕ್ಕೆ ಬರುವವರೇ. ‘ಹನ್ನೆರಡು ಆಯಗಾರರು’ ಎಂಬ ನುಡಿಗಟ್ಟಿನಲ್ಲಿ ಅನೇಕ ಕಡೆ ಶಾನುಭೋಗನೂ ತೋಟಿಯೂ ಒಂದೇ ಪಟ್ಟಿಯಲ್ಲಿ ಸೇರುತ್ತಾರೆ. ಹೆಸರುಗಳನ್ನು ಸಾಲಾಗಿ ಓದಿದರೆ ಅದೊಂದು ಸಮಾನರ ಕೂಟದಂತೆ ತೋರುತ್ತದೆ. ಆದರೆ ಯಾರಿಗೆ ಮೊದಲು ಅಳೆದರು, ಯಾರಿಗೆ ಕೊನೆಗೆ. ಯಾರಿಗೆ ತೂರಿದ ಕಾಳು, ಯಾರಿಗೆ ಕಣ ಗುಡಿಸಿದಾಗ ಮಣ್ಣಿನೊಡನೆ ಬಂದ ಕಾಳು. ಯಾರು ಕಣದೊಳಗೆ ಕಾಲಿಟ್ಟು ಪಡೆದರು, ಯಾರು ಹೊರಗೆ ನಿಂತು ಸೆರಗೊಡ್ಡಿದರು ಎಂಬುದನ್ನು ಗಮನಿಸಿದರೆ ಪಟ್ಟಿ ಏಣಿಯಾಗಿ ನಿಲ್ಲುತ್ತದೆ. ಜಾತಿಯೆಂಬುದು ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರನ್ನೇ ಮೇಲುಕೀಳಾಗಿ ವಿಭಜಿಸುವ ವ್ಯವಸ್ಥೆ ಎಂದು ಡಾ. ಬಿ.ಆರ್. ಅಂಬೇಡ್ಕರ್ 1936ರ ‘ಅನಿಹಿಲೇಷನ್ ಆಫ್ ಕಾಸ್ಟ್’ನಲ್ಲಿ ಮಂಡಿಸಿದ ವಿಚಾರವನ್ನು ವಿವರಿಸಲು ಕಣಕ್ಕಿಂತ ಉತ್ತಮವಾದ ಪಾಠಶಾಲೆ ಇರಲಾರದು.

ಇಲ್ಲಿ ಎಮಿಲ್ ದುರ್ಖೈಮ್ ಅವರಿಗೂ ಆಗಿರುವ ಅನ್ಯಾಯವನ್ನು ಹೇಳಬೇಕು. ಶ್ರಮವಿಭಜನೆಯನ್ನು ಕುರಿತ ಅವರ ಗ್ರಂಥ 1893ರದು. ಯಾಂತ್ರಿಕ ಐಕ್ಯ, ಜೈವಿಕ ಐಕ್ಯ ಎಂಬ ಜೋಡಿಯನ್ನು ಬಾಯಿಪಾಠ ಮಾಡಿಸಿ ನಮ್ಮ ಪ್ರವೇಶಿಕೆಗಳು ಮುಂದೆ ಸಾಗುತ್ತವೆ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಅವರು ‘ಬಲವಂತದ ಶ್ರಮವಿಭಜನೆ’ಯನ್ನು ಚರ್ಚಿಸಿದ್ದಾರೆ, ಸಹಜ ಸಾಮರ್ಥ್ಯಕ್ಕೂ ಹೊರಿಸಿದ ಕೆಲಸಕ್ಕೂ ಹೊಂದಿಕೆಯಿಲ್ಲದಿದ್ದಾಗ ವಿಭಜನೆ ಐಕ್ಯವನ್ನಲ್ಲ, ಸಂಘರ್ಷವನ್ನು ಹುಟ್ಟಿಸುತ್ತದೆ ಎನ್ನುವ ಆ ಚರ್ಚೆಯಲ್ಲಿ ಜಾತಿಯ ಪ್ರಸ್ತಾಪವೂ ಇದೆ. ಅದನ್ನು ಬಿಟ್ಟು ಬೋಧಿಸಿದ ದುರ್ಖೈಮ್ ಹಳ್ಳಿಯ ಸಾಮರಸ್ಯದ ವಕೀಲರಾಗಿ ಕಾಣುತ್ತಾರೆ.

ಆಯದ ಪರವಾಗಿ ಹೇಳಬಹುದಾದ ಮಾತೂ ಇಲ್ಲದಿಲ್ಲ. ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ 1950ರ ದಶಕದಲ್ಲಿ ಕ್ಷೇತ್ರಕಾರ್ಯ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೀನ್, ವಂಶಪಾರಂಪರ್ಯವಾಗಿ ಬಂದ ಪ್ರತಿಫಲವು ಫಸಲಿನ ಏರಿಳಿತಕ್ಕೆ ತಕ್ಕಂತೆ ಬದಲಾಗದೆ ನಿಶ್ಚಿತವಾಗಿರುತ್ತಿದ್ದುದನ್ನು ಗುರುತಿಸಿದರು. ಬರಗಾಲದಲ್ಲಿಯೂ ಆಳಿನ ಹೊಟ್ಟೆಗೆ ಒಂದು ಭರವಸೆ ಉಳಿಯುತ್ತಿತ್ತು. ಸಮೃದ್ಧಿಯ ವರ್ಷದ ಹೆಚ್ಚುವರಿಯೆಲ್ಲ ಒಕ್ಕಲಿನ ಹಗೇವಿಗೆ ಸೇರುತ್ತಿತ್ತು. ಭರವಸೆಗೆ ತೆತ್ತ ಬೆಲೆಯೇ ಈ ಹೆಚ್ಚುವರಿ ಎಂದು ನಾವು ಓದಬಹುದು. ರಾಜ್ಯದಲ್ಲಿ 1961ರ ಗ್ರಾಮಾಧಿಕಾರ ರದ್ದತಿ ಅಧಿನಿಯಮ ಬಂದ ಮೇಲೆ ಆನುವಂಶಿಕ ಗ್ರಾಮಹುದ್ದೆಗಳು ಕಾನೂನಿನ ಕಣ್ಣಿನಲ್ಲಿ ಅಳಿದವು. ಹೆಸರುಗಳು ಅಷ್ಟು ಬೇಗ ಅಳಿಯಲಿಲ್ಲ.

ಈ ಸಂಬಂಧಗಳಿಗೆ ನುಡಿ ತೊಡಿಸಿದ ಉಡುಗೆಯನ್ನು ಎಂ.ಎನ್. ಶ್ರೀನಿವಾಸ್ ಅವರ ಬರಹಗಳಲ್ಲಿ ಕಾಣಬಹುದು. ಮೈಸೂರಿನ ಸಮೀಪದ ಹಳ್ಳಿಯೊಂದಕ್ಕೆ ‘ರಾಂಪುರ’ ಎಂದು ಹೆಸರಿಟ್ಟು 1948ರಲ್ಲಿ ಅವರು ಕ್ಷೇತ್ರಕಾರ್ಯ ನಡೆಸಿದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಲುಕಿ ಟಿಪ್ಪಣಿಗಳು ಸುಟ್ಟುಹೋದ ಮೇಲೆ ಬಹುಮಟ್ಟಿಗೆ ನೆನಪಿನ ಬಲದಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬೆಳಕು ಕಂಡಿತು. ಒಕ್ಕಲು ಮನೆತನಕ್ಕೆ ತಲೆಮಾರುಗಳಿಂದ ಸೇವೆ ಸಲ್ಲಿಸಿಕೊಂಡು ಬಂದ ಅಸ್ಪೃಶ್ಯ ಕುಟುಂಬದವನನ್ನು ಆ ಸೀಮೆಯಲ್ಲಿ ‘ಹಳೆಮಗ’ ಎನ್ನುತ್ತಿದ್ದುದನ್ನು ಶ್ರೀನಿವಾಸ್ ದಾಖಲಿಸಿದ್ದಾರೆ. ಎಂಥ ಪದ! ಮಗನೆಂದು ಕರೆಯಲಾಗಿದೆ, ಆದರೆ ಈ ಮಗ ಮನೆಯೊಳಗೆ ಬರುವಂತಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ಮದುವೆ ಸಾವುಗಳಲ್ಲಿ ಮಾಡಬೇಕಾದ ಕೆಲಸ ಉಂಟು, ಕೂರಬೇಕಾದ ಪಂಕ್ತಿ ಇಲ್ಲ. ಬಂಧುತ್ವದ ಪದವೊಂದು ಬಂಧನವನ್ನು ವಾತ್ಸಲ್ಯವಾಗಿ ಮಾರ್ಪಡಿಸುತ್ತದೆ. ಒಡೆಯನಿಗೆ ತಾನು ಪೋಷಕನೆಂಬ ನೆಮ್ಮದಿ. ಆಳಿಗೆ ಬೇಡುವ ಹಕ್ಕೊಂದರ ಆಸರೆ, ಒಲ್ಲೆನೆನ್ನಲು ಸಂಕೋಚ. ಶ್ರೀನಿವಾಸ್ ಅವರ ‘ಪ್ರಬಲ ಜಾತಿ’ಯ ಪರಿಕಲ್ಪನೆ (1959) ಎಲ್ಲ ಪ್ರವೇಶಿಕೆಗಳಲ್ಲಿಯೂ ಸ್ಥಾನ ಪಡೆಯಿತು. ಆ ಪ್ರಾಬಲ್ಯ ದಿನನಿತ್ಯ ಬಾಯಲ್ಲಿ ಹೇಗೆ ನಡೆಯುತ್ತಿತ್ತೆಂಬುದನ್ನು ತೋರಿಸುವ ‘ಹಳೆಮಗ’ನಿಗೆ ಅಲ್ಲಿ ಜಾಗ ಸಿಕ್ಕಲಿಲ್ಲ. ಪರಿಕಲ್ಪನೆ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ಉಳಿಯಿತು.

ಇಷ್ಟು ಹೊತ್ತು ನೆರೆಮನೆಯ ಶಾಸ್ತ್ರವನ್ನು ಟೀಕಿಸಿದ ಮೇಲೆ ನಮ್ಮ ಮನೆಯ ಕಡೆಗೂ ನೋಡಬೇಕಾಗುತ್ತದೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಕನ್ನಡ ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಮೈಲಿಗಲ್ಲು. ಆ ತ್ರಿಪದಿಗಳ ಸೊಗಸಿನ ಬಗ್ಗೆ ಎರಡು ಮಾತಿಲ್ಲ. ಆದರೆ ಶೀರ್ಷಿಕೆಯನ್ನೇ ಗಮನಿಸಿ. ಬೀಸುವಾಗ, ಕುಟ್ಟುವಾಗ ಹಾಡಿದವಳನ್ನು ಗ್ರಂಥದ ಹೆಸರು ‘ಗರತಿ’ ಎಂದು ಗುರುತಿಸುತ್ತದೆ, ದುಡಿಯುವವಳು ಎಂದಲ್ಲ. ಕುಲ, ಶೀಲ, ತವರು, ತಾಯ್ತನಗಳು ಮುಂದೆ ಬಂದು, ಬೀಸುವ ಕಲ್ಲು ಹಿನ್ನೆಲೆಯ ಶ್ರುತಿಯಾಯಿತು. ಮುಂದಿನ ವಿಮರ್ಶೆ ಇದೇ ಜಾಡಿನಲ್ಲಿ ಸಾಗಿ, ಹಾಡು ದಣಿವನ್ನು ಮರೆಸುತ್ತದೆ, ಜನಪದರು ಶ್ರಮವನ್ನು ಸಂಭ್ರಮವಾಗಿಸಿದರು ಎಂಬ ಸೂತ್ರವನ್ನು ಗಟ್ಟಿಮಾಡಿತು. ನಸುಕಿನಲ್ಲಿ, ಮನೆಯವರೆಲ್ಲ ಮಲಗಿರುವಾಗ, ಗಂಟೆಗಟ್ಟಲೆ ಗೂಟ ಹಿಡಿದು ತಿರುಗಿಸುವುದರಲ್ಲಿ ಸಂಭ್ರಮವಿತ್ತೆಂದು ಹೇಳಿದವರಲ್ಲಿ ಬೀಸಿದವರು ಎಷ್ಟು ಮಂದಿಯೋ ಕಾಣೆ. ಹಿಟ್ಟಿನ ಗಿರಣಿ ಬಂದಾಗ ಹಾಡು ಸತ್ತಿತೆಂದು ಸಂಗ್ರಾಹಕರು ಮರುಗಿದರು. ಬೀಸುವ ಹೆಂಗಸರು ಮಾತ್ರ ಗಿರಣಿಗೆ ಹೋದರು.

ತನ್ನ ಮನೆಯ ಜೋಳವನ್ನು ಬೀಸುವವಳ ಹಾಡು, ಹೊಟ್ಟೆಪಾಡಿಗಾಗಿ ಪರರ ಮನೆಯ ಜೋಳವನ್ನು ಬೀಸುವ ವಿಧವೆಯ ಹಾಡು ಒಂದೇ ಧಾಟಿಯಲ್ಲಿರಬಹುದು. ಅವೆರಡನ್ನೂ ‘ಬೀಸುವ ಪದಗಳು’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಸೇರಿಸಿದಾಗ ನಾವು ಕಳೆದುಕೊಂಡದ್ದು ಸಣ್ಣದಲ್ಲ. ಸಮಾಜಶಾಸ್ತ್ರದಲ್ಲಿ ಮನೆಗೆಲಸ ಅಧ್ಯಯನಯೋಗ್ಯ ವಸ್ತುವಾದದ್ದು ತಡವಾಗಿ. ಆನ್ ಓಕ್ಲಿ ಅವರ ‘ದಿ ಸೋಷಿಯಾಲಜಿ ಆಫ್ ಹೌಸ್‌ವರ್ಕ್’ ಬಂದದ್ದು 1974ರಲ್ಲಿ. ಭಾರತದಲ್ಲಿ ರಾಷ್ಟ್ರಮಟ್ಟದ ಮೊದಲ ಪೂರ್ಣ ಸಮಯ ಬಳಕೆ ಸಮೀಕ್ಷೆ ನಡೆದದ್ದು 2019ರಲ್ಲಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸುತ್ತಾರೆಂದು ಅದು ತಿಳಿಸಿತು. ಈ ನಿಮಿಷಗಳ ಲೆಕ್ಕಕ್ಕೆ ಬಹಳ ಮೊದಲೇ ಕನ್ನಡದ ಹೆಣ್ಣುಮಕ್ಕಳು ಅತ್ತೆಮನೆಯ ಕೆಲಸಗಳನ್ನು ಒಂದೊಂದಾಗಿ ಎಣಿಸಿ ಹಾಡಿದ್ದಾರೆ. ಅದನ್ನು ನಾವು ಭಾವಗೀತೆಯೆಂದು ಓದಿದೆವು. ಅದು ಲೆಕ್ಕಪತ್ರವೂ ಹೌದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಶಾಲೆಗಳಲ್ಲಿ ಶ್ರಮಗೌರವದ ಪಾಠವಾಗಿ ವಿಸ್ತರಿಸುವ ಪದ್ಧತಿಯಿದೆ. ಕೈಯೂ ಬಾಯಿಯೂ ಒಬ್ಬರವೇ ಎಂಬ ಊಹೆಯ ಮೇಲೆ ಆ ವಿಸ್ತರಣೆ ನಿಂತಿದೆ.

ದುಡಿಮೆ, ಅಧಿಕಾರ, ಕೌಶಲಗಳ ಸಂಬಂಧವನ್ನು ಯಾವುದೇ ಪ್ರವೇಶಿಕೆಗಿಂತ ತೀಕ್ಷ್ಣವಾಗಿ ಹೇಳುವ ಕಥನ ತುಳುನಾಡಿನ ಕಲ್ಕುಡನದು. ಎ.ಸಿ. ಬರ್ನೆಲ್ ಅವರ ತುಳು ಸಂಗ್ರಹವು 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದಾಗ ಈ ಕಥೆಯೂ ವಿದ್ವಾಂಸರ ಗಮನಕ್ಕೆ ಬಂದಿತು. ಶಿಲ್ಪಿ ಬೀರ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕಡೆಯುತ್ತಾನೆ. ಕೆಲಸ ಮೆಚ್ಚಿದ ಅರಸ, ಇಂಥದ್ದು ಇನ್ನೊಂದು ನಾಡಿನಲ್ಲಿ ಆಗಬಾರದೆಂದು ಅವನ ಒಂದು ಕೈ, ಒಂದು ಕಾಲನ್ನು ಕಡಿಸುತ್ತಾನೆ. ಉಳಿದ ಕೈಯಿಂದಲೇ ಕಲ್ಕುಡ ವೇಣೂರಿನ ಗೊಮ್ಮಟನನ್ನು ನಿಲ್ಲಿಸುತ್ತಾನೆ. ಅಣ್ಣನಿಗಾದ ಅನ್ಯಾಯ ತಿಳಿದ ತಂಗಿ ಸುಮ್ಮನಿರುವುದಿಲ್ಲ. ಅಣ್ಣ ತಂಗಿಯರು ಕಲ್ಕುಡ–ಕಲ್ಲುರ್ಟಿ ದೈವಗಳಾಗಿ ಅರಸನ ನಾಡನ್ನು ಕಾಡಿ ಆರಾಧನೆ ಪಡೆಯುತ್ತಾರೆ.

ಕಾರ್ಕಳದ ವಿಗ್ರಹ 1432ರದು, ವೇಣೂರಿನದು 1604ರದು. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಚರಿತ್ರಕಾರರು ಇಲ್ಲಿಗೆ ಕಥೆಯನ್ನು ಮುಚ್ಚಿಡಬಹುದು. ಜಾನಪದ ವಿದ್ವಾಂಸರಿಗೆ ಇಲ್ಲಿಂದಲೇ ಕೆಲಸ ಆರಂಭ. ಒಂದೂವರೆ ಶತಮಾನಕ್ಕೂ ಹೆಚ್ಚು ದೂರದ ಎರಡು ಕೆಲಸಗಳನ್ನು ಒಬ್ಬನ ಕೈಗೆ ಕೊಟ್ಟ ಪಾಡ್ದನ, ಕಡೆದವರಿಗೆಲ್ಲ ಒಂದು ಹೆಸರನ್ನು ಸಂಪಾದಿಸಿಕೊಟ್ಟಿದೆ. ವಿಗ್ರಹದ ಬಳಿಯ ಶಾಸನದಲ್ಲಿ ಮಾಡಿಸಿದವರ ಕೀರ್ತಿ ಉಳಿಯಿತು. ಮಾಡಿದವನ ಕಡಿದ ಕೈ ಉಳಿದದ್ದು ಪಾಡ್ದನದಲ್ಲಿ. ಹ್ಯಾರಿ ಬ್ರೇವರ್‌ಮನ್ ತಮ್ಮ 1974ರ ಗ್ರಂಥದಲ್ಲಿ ಆಧುನಿಕ ಬಂಡವಾಳವು ಕಾರ್ಮಿಕನ ತಲೆಯಲ್ಲಿದ್ದ ಕೌಶಲವನ್ನು ಕಿತ್ತು ಆಡಳಿತದ ವಶಕ್ಕೆ ಒಯ್ಯುವುದನ್ನು ವಿವರಿಸುತ್ತಾರೆ. ಕಾರ್ಕಳದ ಅರಸನಿಗೆ ಆ ದಾರಿ ತಿಳಿದಿರಲಿಲ್ಲ. ಕೌಶಲ ಕೈಯಲ್ಲಿದೆಯೆಂದು ಬಗೆದು ಕೈಯನ್ನೇ ತೆಗೆಸಿದ. ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಶ್ರಮಿಕರ ಪ್ರತಿಭಟನೆಯೆಂದು ಸಂತೋಷಪಡುವುದು ಸುಲಭ. ಆದರೆ ಭೂತಕೋಲದಲ್ಲಿ ದೈವವಾಗಿ ನುಡಿಯುವವರು ನಲಿಕೆ, ಪಂಬದ, ಪರವ ಮೊದಲಾದ ಸಮುದಾಯಗಳವರು. ಆ ರಾತ್ರಿ ಗುತ್ತಿನ ಯಜಮಾನ ಅವರ ಮುಂದೆ ಕೈಮುಗಿಯುತ್ತಾನೆ. ಬೆಳಗಾದ ಮೇಲೆ ಅಣಿ ಕಳಚಿದ ಕಲಾವಿದನ ಸ್ಥಾನ ಎಲ್ಲಿರುತ್ತಿತ್ತೋ ಅಲ್ಲಿಯೇ. ಈ ಬೆಳಗನ್ನೂ ಸೇರಿಸಿ ಓದದೆ ಪಾಡ್ದನದ ಅಧ್ಯಯನ ಪೂರ್ಣವಾಗದು.

‘ಕಾಯಕ’ದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಅದರ ಬಗ್ಗೆ ಬಂದಿರುವ ಬರವಣಿಗೆ ಅಪಾರ. ಹನ್ನೆರಡನೆಯ ಶತಮಾನದ ಶರಣರು ಮಡಿವಾಳ, ಅಂಬಿಗ, ಮೇದರ, ನುಲಿಯ ಎಂದು ಕಸುಬನ್ನೇ ಹೆಸರಿನ ಮುಂದಿಟ್ಟು, ಹುಟ್ಟಿನ ಗುರುತನ್ನು ಕೆಲಸದ ಘನತೆಯಾಗಿ ತಿರುಗಿಸಲು ಯತ್ನಿಸಿದರು. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿಸೆಂದ ಪ್ರಸಂಗದಲ್ಲಿ ಸಂಗ್ರಹದ ವಿರೋಧವಿದೆ. ಈ ಎರಡನೆಯ ಅಂಶವನ್ನು ಕಳಚಿಹಾಕಿ, ಕಾಯಕವನ್ನು ವೇಬರ್ ಹೇಳಿದ ಪ್ರಾಟೆಸ್ಟೆಂಟ್ ನೀತಿಯ ಕನ್ನಡ ರೂಪವೆಂದು ಬೋಧಿಸುವುದು ಅರ್ಧಸತ್ಯ. ವೇಬರ್ ಅವರ ವಾದದಲ್ಲಿ ಮಿತವ್ಯಯ ಬಂಡವಾಳವಾಗಿ ಬೆಳೆಯುತ್ತದೆ. ಲಕ್ಕಮ್ಮನ ಅಕ್ಕಿ ನೆಲಕ್ಕೆ ಹಿಂದಿರುಗುತ್ತದೆ.

ಹೆಸರು ಬದಲಿಸಿ ಸಂಬಂಧವನ್ನು ಉಳಿಸಿಕೊಳ್ಳುವ ರೂಢಿ ನಿಂತಿಲ್ಲ. ನಗರದ ರಸ್ತೆಗಳಲ್ಲಿ ಊಟದ ಪೊಟ್ಟಣ ಹೊತ್ತು ಸಾಗುವ ಯುವಕರನ್ನು ಅವರಿಗೆ ಕೆಲಸ ಹಂಚುವ ಕಂಪನಿಗಳು ‘ಪಾರ್ಟ್‌ನರ್’ ಎನ್ನುತ್ತವೆ. ಹಳೆಮಗನಂತೆ ಈ ಪಾಲುದಾರನಿಗೂ ಪಾಲಿಲ್ಲ. ಇಂಥವರು ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗೆ ದುಡಿಯುವವರೆಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ನಿರೂಪಿಸಿತು. ಕರ್ನಾಟಕವು 2025ರಲ್ಲಿ ತಂದ ಕಾನೂನು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅವಕಾಶ ಕಲ್ಪಿಸಿದೆ. ಕಣದಲ್ಲಿ ರಾಶಿ ಎಲ್ಲರ ಕಣ್ಣೆದುರಿಗಿತ್ತು. ಕೊಳಗ ಎಷ್ಟು ಬಾರಿ ತುಂಬಿತೆಂದು ಹೊರಗೆ ನಿಂತವನೂ ಎಣಿಸಬಲ್ಲವನಾಗಿದ್ದ. ಈಗಿನ ರಾಶಿ ಮೊಬೈಲಿನ ಒಳಗಿದೆ, ಅಳೆಯುವ ಕೈ ಕಾಣುವುದಿಲ್ಲ.

ನಮ್ಮ ಸಂಗ್ರಹಕಾರ್ಯದ ನಮೂನೆಯಲ್ಲಿ ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು, ದಾಖಲಿಸಿದ ದಿನಾಂಕ ಎಂಬ ಅಂಕಣಗಳಿವೆ. ಇವುಗಳ ಜೊತೆಗೆ ಇನ್ನೂ ಮೂರು ಬೇಕು: ಹಾಡುವಾಗ ನಡೆಯುತ್ತಿದ್ದ ಕೆಲಸ ಯಾರದು, ಆ ಕೆಲಸಕ್ಕೆ ದೊರೆತದ್ದೇನು, ಅದನ್ನು ಅಳೆದುಕೊಟ್ಟವರು ಯಾರು. ಹಳೆಯ ಸಂಗ್ರಹಗಳಿಗೆ ಈ ಮಾಹಿತಿಯನ್ನು ಈಗ ಸೇರಿಸುವುದು ಬಹುಪಾಲು ಅಸಾಧ್ಯ. ಆದರೂ ಬೀಸಿದ, ನೆಟ್ಟ, ಆಯ ಪಡೆದ ತಲೆಮಾರಿನ ಕೆಲವರು ಎಂಬತ್ತು ದಾಟಿಯೂ ನಮ್ಮ ನಡುವೆ ಇದ್ದಾರೆ. ಅವರನ್ನು ಹಾಡಿಗಾಗಿ ಕಂಡು ಬಂದ ಸಂಗ್ರಾಹಕರು ಈ ಮೂರು ಪ್ರಶ್ನೆಗಳಿಗಾಗಿ ಮತ್ತೊಮ್ಮೆ ಹೋಗಬಹುದು.